ಹಳೆಯ ಗಿಟಾರಿನ ಹುಟ್ಟಿದ ವರ್ಷ

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಹೋದ ರೈತನು ಮಾರುವವನ ಮಾತನ್ನು ಕೇಳಿ ತೃಪ್ತನಾಗುವುದಿಲ್ಲ. ಎತ್ತಿನ ಬಾಯನ್ನು ತೆರೆಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೆ, ನಾಲ್ಕು ಹಲ್ಲೆ, ಬಾಯಿಗೂಡಿದೆಯೆ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಬೆಲೆಯ ಮಾತು. ಜೀವವಿಲ್ಲದ ವಸ್ತುಗಳಿಗೂ ಇಂಥ ಹಲ್ಲುಗಳುಂಟೆ? ಉಂಟು. ಅವು ಯಾವುವು, ಅವುಗಳನ್ನು ಎಣಿಸುವುದು ಹೇಗೆ ಎಂಬುದನ್ನು ತಿಳಿಯಲು ಒಂದು ವಿದ್ಯುತ್ ಗಿಟಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಅಮೆರಿಕದ ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ಲಿಯೊ ಫೆಂಡರ್ ಎಂಬಾತನು ರೇಡಿಯೋ ದುರಸ್ತಿಯ ಅಂಗಡಿಯನ್ನಿಟ್ಟುಕೊಂಡಿದ್ದನು. ಈತನ ಕಾರ್ಖಾನೆಯಿಂದ 1954ರಲ್ಲಿ 'ಸ್ಟ್ರ್ಯಾಟೊಕ್ಯಾಸ್ಟರ್' ಎಂಬ ಗಿಟಾರು ಹೊರಬಂದಿತು. 1965ರ ಜನವರಿಯಲ್ಲಿ ಕಾರ್ಖಾನೆಯನ್ನು ಕೊಲಂಬಿಯ ಬ್ರಾಡ್‌ಕಾಸ್ಟಿಂಗ್ ಸಂಸ್ಥೆಯು ಕೊಂಡುಕೊಂಡಿತು. ಈ ಮಾರಾಟಕ್ಕಿಂತ ಮೊದಲಿನ ವಾದ್ಯಗಳೇ ಶ್ರೇಷ್ಠವೆಂಬ ಭಾವನೆ ವಾದಕರಲ್ಲಿಯೂ ಸಂಗ್ರಾಹಕರಲ್ಲಿಯೂ ಬೇರೂರಿದೆ. ಆದುದರಿಂದ ನೋಟಕ್ಕೆ ಒಂದೇ ತೆರನಾಗಿರುವ ಎರಡು ಗಿಟಾರುಗಳ ಬೆಲೆಯಲ್ಲಿ, ಅವುಗಳ ನಡುವೆ ನಾಲ್ಕೇ ವರ್ಷಗಳ ಅಂತರವಿದ್ದರೂ, ಅಜಗಜಾಂತರವಿರುವುದುಂಟು. ವಯಸ್ಸಿನಲ್ಲಿ ಮೋಸಹೋದವನು ಜೀವಮಾನದ ಉಳಿತಾಯವನ್ನೇ ಕಳೆದುಕೊಳ್ಳಬಹುದು. ಮಾರುವವನಿಗೂ ಅಪಾಯ ತಪ್ಪಿದ್ದಲ್ಲ. ತನ್ನಲ್ಲಿರುವುದು ಏನೆಂದು ಅರಿಯದೆ ಅಮೂಲ್ಯವಾದುದನ್ನು ಅಗ್ಗಕ್ಕೆ ಕೊಟ್ಟುಬಿಡಬಹುದು.

ಮೊದಲು ವಾದ್ಯದ ರಚನೆಯನ್ನು ನೋಡೋಣ. ವೀಣೆಯ ಬುರುಡೆಯಂತೆ ನಾದವನ್ನು ಹಿಗ್ಗಿಸುವ ಪೊಳ್ಳು ಇದಕ್ಕಿಲ್ಲ; ಒಡಲು ಗಟ್ಟಿಮರದ್ದು. ಉಕ್ಕಿನ ತಂತಿಗಳ ಕೆಳಗೆ, ಅಯಸ್ಕಾಂತಗಳ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆಯನ್ನು ಸುತ್ತಿರುವ ಸುರುಳಿಗಳಿವೆ. ಇವಕ್ಕೆ ಪಿಕಪ್ ಎಂದು ಹೆಸರು. ತಂತಿ ಕಂಪಿಸಿದಾಗ ಕಾಂತಕ್ಷೇತ್ರವು ಅಲುಗಿ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದು. ಈ ವಿದ್ಯುತ್ತು, ಧ್ವನಿಯನ್ನೂ ಸ್ವರದ ಛಾಯೆಯನ್ನೂ ಏರಿಳಿಸುವ ಮೂರು ತಿರುಗಣಿಗಳ ಮೂಲಕ ಹಾದು ಧ್ವನಿವರ್ಧಕವನ್ನು ಸೇರುತ್ತದೆ. ತಿರುಗಣಿಯ ಕೆಳಗಿರುವ ಉಪಕರಣವೇ ಪೊಟೆನ್ಷಿಯೊಮೀಟರ್. ಒಡಲಿಗೆ ಕತ್ತನ್ನು ಅಂಟಿಸಿಲ್ಲ, ತಿರುಪುಮೊಳೆಗಳಿಂದ ಬಿಗಿದಿದ್ದಾರೆ. ಪಿಕಪ್ಪು, ತಿರುಗಣಿ ಎಲ್ಲವೂ ಮುಂಭಾಗದ ಒಂದು ತೆಳು ಫಲಕಕ್ಕೆ ಜೋಡಿಸಲ್ಪಟ್ಟಿವೆ. ಹೀಗೆ ಇಡೀ ವಾದ್ಯವು ಬಿಚ್ಚಿ ಕೂಡಿಸಬಹುದಾದ ಭಾಗಗಳ ಸಮುದಾಯ. ಈ ಸೌಕರ್ಯವೇ ವಯೋನಿರ್ಣಯದ ತೊಡಕಿಗೆ ಮೂಲ.

ಕ್ರಮಸಂಖ್ಯೆಯ ಸಾಕ್ಷ್ಯ

ಕತ್ತು ಒಡಲನ್ನು ಸೇರುವಲ್ಲಿ, ಹಿಂಬದಿಗೆ, ಒಂದು ಲೋಹದ ತಗಡಿದೆ. 1976ರವರೆಗೆ ಕ್ರಮಸಂಖ್ಯೆಯನ್ನು ಸಾಮಾನ್ಯವಾಗಿ ಇದರ ಮೇಲೆ ಒತ್ತುತ್ತಿದ್ದರು. ಕೊಳ್ಳುವವರು ಮೊದಲು ನೋಡುವುದು ಇದನ್ನೇ. ಆದರೆ ಸಾಕ್ಷಿಗಳಲ್ಲಿ ಇದು ದುರ್ಬಲವಾದುದು. ಕೆಲಸಗಾರರು ತಗಡುಗಳನ್ನು ಪೆಟ್ಟಿಗೆಯಿಂದ ಕೈಗೆ ಸಿಕ್ಕಂತೆ ತೆಗೆದು ಹಾಕುತ್ತಿದ್ದುದರಿಂದ ಸಂಖ್ಯೆಗಳು ಕಾಲಾನುಕ್ರಮದಲ್ಲಿಲ್ಲ. 'ಎಲ್' ಅಕ್ಷರದಿಂದ ತೊಡಗುವ ಸಂಖ್ಯೆಯು 1962ರ ಕೊನೆಯಿಂದ 1965ರವರೆಗಿನ ಕಾಲವನ್ನು ಸೂಚಿಸುತ್ತದೆ. ಅದಕ್ಕಿಂತ ಖಚಿತವಾಗಿ ಏನನ್ನೂ ಹೇಳದು. ಮೇಲಾಗಿ ನಾಲ್ಕು ತಿರುಪುಗಳನ್ನು ಬಿಚ್ಚಿದರೆ ತಗಡನ್ನು ಬೇರೊಂದು ಗಿಟಾರಿಗೆ ಹಾಕಿಬಿಡಬಹುದು.

ಮುಂದೆ ಸಂಖ್ಯೆಯು ಗಿಟಾರಿನ ತಲೆಯ ಮೇಲಕ್ಕೆ ಬಂದಿತು. ಅದರ ಮೊದಲ ಅಕ್ಷರ ದಶಕವನ್ನೂ ಮುಂದಿನ ಅಂಕೆ ವರ್ಷವನ್ನೂ ಹೇಳುತ್ತವೆ. 'ಎಸ್' ಎಂದರೆ ಎಪ್ಪತ್ತರ ದಶಕ, 'ಇ' ಎಂದರೆ ಎಂಬತ್ತರದು, 'ಎನ್' ಎಂದರೆ ತೊಂಬತ್ತರದು. ಇಲ್ಲಿಯೂ ಎಚ್ಚರ ಬೇಕು. 'ಇ 4' ಎಂದಿರುವುದೆಲ್ಲ 1984ರದಲ್ಲ. ಆ ಮುದ್ರೆ ಅದರ ಮುಂದಿನ ಕೆಲವು ವರ್ಷಗಳ ವಾದ್ಯಗಳ ಮೇಲೂ ಇದೆ.

ಹುಟ್ಟಿದ ಸ್ಥಳವನ್ನು ತಿಳಿಸುವುದೂ ಅಕ್ಷರಗಳೇ. ಜಪಾನಿನ ಶಾಖೆ 1982ರಲ್ಲಿ ಆರಂಭವಾಯಿತು. ಅಲ್ಲಿನ ಮೊದಮೊದಲ ವಾದ್ಯಗಳ ಸಂಖ್ಯೆ 'ಜೆವಿ' ಎಂದು ತೊಡಗುತ್ತದೆ. ಮೆಕ್ಸಿಕೋದ ಎನ್ಸೆನಾಡ ಪಟ್ಟಣದಲ್ಲಿ ತಯಾರಾದುದಕ್ಕೆ 'ಎಂ' ಅಕ್ಷರ ಮುಂದಿರುತ್ತದೆ. 'ಎಂಎನ್ 7' ಎಂದರೆ ಮೆಕ್ಸಿಕೋ, 1997.

ಕತ್ತಿನ ಬುಡದಲ್ಲಿ

ಕತ್ತನ್ನು ಬಿಚ್ಚಿದರೆ ಅದರ ಬುಡದಲ್ಲಿ ತಾರೀಖು ಕಾಣುವುದುಂಟು. ಮೊದಲು ಇದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. 1962ರಿಂದ ರಬ್ಬರಿನ ಮುದ್ರೆ ಬಂದಿತು. '2 ಅಕ್ಟೋಬರ್ 64 ಬಿ' ಎಂಬಂಥ ಮುದ್ರೆಯನ್ನು ಕಂಡವರು ಅಕ್ಟೋಬರ್ 2ನೆಯ ತಾರೀಖೆಂದು ಓದುವುದು ಸಹಜ. ಅದು ತಪ್ಪು. ಇಲ್ಲಿ 2 ಎಂಬುದು ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯ ಸಂಕೇತ. 'ಬಿ' ಎಂಬುದು ಕತ್ತಿನ ಅಗಲದ ಅಳತೆ. ದಿನವನ್ನು ಮುದ್ರೆ ಹೇಳುವುದೇ ಇಲ್ಲ. ಅದು ಹೇಳುವುದಾದರೂ ಕತ್ತು ಸಿದ್ಧವಾದ ಕಾಲವನ್ನೇ ಹೊರತು ವಾದ್ಯ ಪೂರ್ಣವಾದ ಕಾಲವನ್ನಲ್ಲ.

ಬಿಚ್ಚದೆಯೇ ಕಾಣುವ ಗುರುತುಗಳೂ ಉಂಟು. 1959ರವರೆಗೆ ಬೆರಳಿಡುವ ಪಟ್ಟಿ ಬೇರೆಯಾಗಿರಲಿಲ್ಲ. ಕತ್ತೆಲ್ಲವೂ ಮೇಪಲ್ ಮರದ ಒಂದೇ ತುಂಡು. 1959ರಲ್ಲಿ ಅದರ ಮೇಲೆ ರೋಸ್‌ವುಡ್ಡಿನ ದಪ್ಪ ಪಟ್ಟಿ ಬಂದಿತು. 1962ರ ನಡುವೆ ಆ ಪಟ್ಟಿ ತೆಳುವಾಗಿ, ಅಡಿಭಾಗ ಬಾಗಿದಂತಾಯಿತು. 1965ರ ಕೊನೆಗೆ ತಲೆಯ ಭಾಗ ದೊಡ್ಡದಾಯಿತು. 1971ರ ಕೊನೆಯಿಂದ ಸುಮಾರು ಹತ್ತು ವರ್ಷ ಕತ್ತನ್ನು ನಾಲ್ಕರ ಬದಲು ಮೂರು ತಿರುಪುಗಳಿಂದ ಬಿಗಿಯುತ್ತಿದ್ದರು.

ಏಳು ಅಂಕೆಗಳ ಮಾತು

ಫೆಂಡರನು ರೇಡಿಯೋ ಕಸಬಿನವನೆಂದು ಹೇಳಿದೆವಷ್ಟೆ. ಆತನ ಗಿಟಾರಿನೊಳಗಿನ ಪೊಟೆನ್ಷಿಯೊಮೀಟರುಗಳೂ ರೇಡಿಯೋಗಳಿಗೆಂದು ತಯಾರಾಗುತ್ತಿದ್ದ ಸಾಮಾನ್ಯ ಸರಕು. ಅಂಥ ಸರಕಿನ ಮೇಲೆ ತಯಾರಕನ ಸಂಕೇತವನ್ನೂ ಕಾಲವನ್ನೂ ಒತ್ತುವ ಪದ್ಧತಿಯನ್ನು ಅಮೆರಿಕದ ಉದ್ಯಮಗಳು ಗೊತ್ತುಮಾಡಿಕೊಂಡಿದ್ದವು. '1376633' ಎಂಬ ಮುದ್ರೆಯನ್ನು ಬಿಡಿಸಿ ಓದೋಣ. ಮೊದಲ ಮೂರು ಅಂಕೆಗಳು ತಯಾರಕನವು. 137 ಎಂದರೆ ಸಿಟಿಎಸ್ ಸಂಸ್ಥೆ, 304 ಎಂದಿದ್ದರೆ ಸ್ಟ್ಯಾಕ್‌ಪೋಲ್ ಸಂಸ್ಥೆ. ನಡುವಣ 66 ಎಂಬುದು 1966. ಕೊನೆಯ 33 ಎಂಬುದು ಆ ವರ್ಷದ ಮೂವತ್ತಮೂರನೆಯ ವಾರ, ಅಂದರೆ ಆಗಸ್ಟ್ ತಿಂಗಳು.

ಇದರಿಂದ ಗಿಟಾರು 1966ರ ಆಗಸ್ಟಿನದೆಂದು ಹೇಳಬಹುದೆ? ಹೇಳಲಾಗದು. ಹಳೆಯ ಗೋಡೆಯೊಂದರ ತಳಪಾಯದಲ್ಲಿ 1862ರ ಮುದ್ರೆಯುಳ್ಳ ರಾಣಿಯ ರೂಪಾಯಿ ದೊರೆಯಿತೆನ್ನಿ. ಗೋಡೆ 1862ಕ್ಕಿಂತ ಹಿಂದಿನದಲ್ಲವೆಂಬುದು ಖಂಡಿತ. ಅದೇ ವರ್ಷದ್ದೆಂಬುದು ಖಂಡಿತವಲ್ಲ. ನಾಣ್ಯ ಹಲವು ವರ್ಷ ಕೈಯಿಂದ ಕೈಗೆ ಓಡಾಡಿರಬಹುದು. ಗಿಟಾರಿನ ಭಾಗಗಳಿಗೂ ಇದೇ ನ್ಯಾಯ. ಹುಟ್ಟಿನೊಂದಿಗೇ ಬಂದ ಭಾಗಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ, ಗಿಟಾರು ಅದಕ್ಕಿಂತ ಹಳೆಯದಾಗಿರಲಾರದು. ಹೊಸ ಒಡೆಯರು 1966ರಲ್ಲಿ ಪೊಟೆನ್ಷಿಯೊಮೀಟರುಗಳನ್ನು ಹೇರಳವಾಗಿ ಕೊಂಡು ಸಂಗ್ರಹಿಸಿದ್ದರಿಂದ, 1969ರವರೆಗಿನ ಎಷ್ಟೋ ವಾದ್ಯಗಳಲ್ಲಿ 1966ರ ಮುದ್ರೆಯೇ ಇದೆ.

ಬಣ್ಣ ಮತ್ತು ಮರ

ಸುಮಾರು 1968ರವರೆಗೆ ಈ ಗಿಟಾರುಗಳಿಗೆ ಬಳಿಯುತ್ತಿದ್ದುದು ನೈಟ್ರೊಸೆಲ್ಯುಲೋಸಿನ ಮೆರುಗೆಣ್ಣೆ. ಇದು ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಮರವು ಹಿಗ್ಗಿ ಕುಗ್ಗಿದಂತೆ ಇದರಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಅನಂತರ ಬಂದ ಪಾಲಿಯೆಸ್ಟರ್ ಲೇಪ ದಪ್ಪ, ಗಟ್ಟಿ. ಅದು ಹೀಗೆ ಮುಪ್ಪಾಗುವುದಿಲ್ಲ. ಕತ್ತಲೆಯಲ್ಲಿ ಅತಿನೇರಳೆ ದೀಪವನ್ನು ಹಿಡಿದರೆ ಹಳೆಯ ನೈಟ್ರೊಸೆಲ್ಯುಲೋಸ್ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ. ಆಮೇಲೆ ಯಾರೋ ತೇಪೆಹಾಕಿ ಬಣ್ಣ ಬಳಿದಿದ್ದರೆ ಆ ಭಾಗ ಬೇರೆಯಾಗಿ ಕಾಣುತ್ತದೆ.

ಮರದ ಕಥೆ ನಮ್ಮ ನಾಡಿನವರೆಗೂ ಬರುತ್ತದೆ. ಆರಂಭದಲ್ಲಿ ಬೆರಳುಪಟ್ಟಿಗೆ ಬ್ರೆಜಿಲಿನ ರೋಸ್‌ವುಡ್ಡನ್ನು ಬಳಸುತ್ತಿದ್ದರು. 1960ರ ದಶಕದಲ್ಲಿ ಅದು ದುರ್ಲಭವಾಗಿ, ದಶಕದ ಕೊನೆಗೆ ದಿಮ್ಮಿಗಳ ರಫ್ತನ್ನು ಬ್ರೆಜಿಲ್ ತಡೆಯಿತು. ಆಗ ಗಿಟಾರು ತಯಾರಕರು ಅದರ ದಾಯಾದಿಯಾದ ಭಾರತದ ಮರದತ್ತ ತಿರುಗಿದರು. ಇದು ಬೇರಾವುದೂ ಅಲ್ಲ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಕಾಡುಗಳಲ್ಲಿ ಬೆಳೆಯುವ, ನಮ್ಮ ಹಳೆಯ ಮನೆಗಳ ಮಂಚ ಪೆಟ್ಟಿಗೆಗಳಲ್ಲಿ ನಾವು ನೋಡಿರುವ ಬೀಟೆ. ಬ್ರೆಜಿಲಿನ ಮರವನ್ನು ಗಡಿ ದಾಟಿಸುವ ವ್ಯಾಪಾರವು 1992ರಿಂದ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಾದ ನಿರ್ಬಂಧಕ್ಕೆ ಒಳಪಟ್ಟಿದೆ. ಆದುದರಿಂದ ಪಟ್ಟಿ ಯಾವ ಮರದ್ದೆಂಬ ಪ್ರಶ್ನೆ ವಯಸ್ಸಿಗೆ ಮಾತ್ರವಲ್ಲ, ಕಾನೂನಿಗೂ ಸಂಬಂಧಿಸಿದ್ದು. ಕೇವಲ ನೋಟದಿಂದ ಇವೆರಡನ್ನು ಬೇರ್ಪಡಿಸುವುದು ನುರಿತವರಿಗೂ ಕಷ್ಟ.

ಒಂದು ವಿಚಾರಣೆ

ಈಗ ಒಂದು ಗಿಟಾರು ನಮ್ಮ ಮುಂದಿದೆಯೆಂದು ಭಾವಿಸೋಣ. ಮಾರುವವನು ಇದು 1964ರದೆನ್ನುತ್ತಾನೆ. ತಗಡಿನ ಸಂಖ್ಯೆ 'ಎಲ್' ಅಕ್ಷರದ್ದು, ಸರಿಹೋಯಿತು. ತಲೆ ಚಿಕ್ಕದು, ಸರಿಹೋಯಿತು. ಕತ್ತಿನ ಬುಡದಲ್ಲಿ 1964ರ ಅಕ್ಟೋಬರಿನ ಮುದ್ರೆ, ಇದೂ ಸರಿ. ಮೆರುಗೆಣ್ಣೆ ದೀಪದ ಕೆಳಗೆ ಎಲ್ಲೆಡೆ ಒಂದೇ ಸಮನಾಗಿ ಹಳದಿ. ಆದರೆ ಮುಂಭಾಗದ ಫಲಕವನ್ನು ಬಿಚ್ಚಿದಾಗ ಮೂರು ಪೊಟೆನ್ಷಿಯೊಮೀಟರುಗಳ ಮೇಲೂ '1376633' ಎಂದಿದೆ. 1964ರ ವಾದ್ಯಕ್ಕೆ 1966ರ ಅಂಗವೆಲ್ಲಿಂದ ಬಂದಿತು?

ಕೆಟ್ಟುಹೋದುದನ್ನು ಯಾರೋ ಬದಲಿಸಿರಬಹುದೆಂಬುದು ಮೊದಲ ಊಹೆ. ಹಾಗಾಗಿದ್ದರೆ ತಂತಿಗಳನ್ನು ಕಳಚಿ ಮತ್ತೆ ಬೆಸೆದಿರಬೇಕು. ಹೊಸ ಬೆಸುಗೆ ಹಳೆಯದರ ಮೇಲೆ ಗಂಟುಗಟ್ಟಿರಬೇಕು. ಇಲ್ಲಿ ಬೆಸುಗೆಗಳೆಲ್ಲ ಒಂದೇ ಕೈಯವು, ಒಂದೇ ಸಮನಾಗಿ ಮಂಕಾದವು. ಇನ್ನು ಫಲಕವನ್ನು ನೋಡೋಣ. 1964ರ ಫಲಕ ಸೆಲ್ಯುಲಾಯ್ಡಿನದು. ಅದು ಸಾಮಾನ್ಯವಾಗಿ ಹಸಿರು ಛಾಯೆಗೆ ತಿರುಗಿ, ಕುಗ್ಗಿ, ತಿರುಪುಗಳ ಬಳಿ ಸೀಳಿರುತ್ತದೆ. ಈ ಫಲಕವಾದರೋ ಅಚ್ಚಬಿಳುಪು; ಮುಂದಿನ ವರ್ಷಗಳಲ್ಲಿ ಬಂದ ವಿನೈಲಿನದು. ಆದುದರಿಂದ ಫಲಕವು ತನ್ನ ಮೇಲಿನ ವಿದ್ಯುದಂಗಗಳೆಲ್ಲದರ ಸಹಿತ, ಒಂದೇ ಘಟಕವಾಗಿ, ಮತ್ತೊಂದು ಗಿಟಾರಿನಿಂದ ಬಂದಿರಬೇಕೆಂಬುದು ಅತ್ಯಂತ ಸಂಭಾವ್ಯ. ಹನ್ನೊಂದು ತಿರುಪುಗಳ ಕೆಲಸ ಅದು.

ಮಾರುವವನು ಸುಳ್ಳು ಹೇಳಿದನೆ? ಹಾಗೆಂದು ತೀರ್ಮಾನಿಸಲಾಗದು. ಆತನೂ ನಂಬಿ ಕೊಂಡವನಿರಬಹುದು. ಕತ್ತೂ ಒಡಲೂ 1964ರವು, ವಿದ್ಯುದಂಗಗಳು 1966ರ ಆಗಸ್ಟಿನ ಅನಂತರದವು ಎಂಬ ಒಂದು ವಾಕ್ಯವನ್ನು ರಸೀತಿಯಲ್ಲಿ ಬರೆದರೆ ಇಬ್ಬರಿಗೂ ನ್ಯಾಯವಾಗುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಇಂಥ ವಾದ್ಯ ಕೈಗೆ ಬಂದವರಿಗೆ ಒಂದು ಮಾತು. ಬಿಚ್ಚುವ ಮುನ್ನ ತಂತಿಗಳನ್ನು ಸಡಿಲಿಸಿರಿ. ಹೆಜ್ಜೆ ಹೆಜ್ಜೆಗೂ ಚಿತ್ರ ತೆಗೆದಿಟ್ಟುಕೊಳ್ಳಿರಿ. ಮುದ್ರೆ ಮರೆಯಾಗಿದೆಯೆಂದು ಬೆಸುಗೆಯನ್ನು ಕರಗಿಸಬೇಡಿರಿ. ಮುಖ್ಯವಾಗಿ, ಅಂದಗೆಡಿಸಿದೆಯೆಂದು ಹಳೆಯ ಮೆರುಗೆಣ್ಣೆಯನ್ನು ಉಜ್ಜಿ ಹೊಸ ಬಣ್ಣ ಬಳಿಯಬೇಡಿರಿ. ಹಾಗೆ ಬಳಿದ ಗಿಟಾರಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ವ್ಯಾಪಾರಿಗಳ ವಾಡಿಕೆಯ ಲೆಕ್ಕ. ಹೋದ ಹಣವಾದರೂ ಮತ್ತೆ ಬಂದೀತು. ಅಳಿಸಿಹೋದ ಸಾಕ್ಷ್ಯ ಮರಳಿ ಬಾರದು.

ಇಷ್ಟಾದರೂ ವಯಸ್ಸು ತಿಳಿದ ಮಾತ್ರಕ್ಕೆ ವಾದ್ಯದ ಗುಣ ತಿಳಿದಂತಲ್ಲ. ಜಾತ್ರೆಯ ರೈತನು ಹಲ್ಲು ಎಣಿಸಿದ ಮೇಲೆ ಎತ್ತನ್ನು ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಗಿಟಾರು ಕೊಳ್ಳುವವನೂ ಲೆಕ್ಕವೆಲ್ಲ ಮುಗಿದ ಬಳಿಕ ಅದನ್ನು ಶ್ರುತಿಮಾಡಿ ನುಡಿಸಿ ನೋಡಬೇಕು. ಆ ಪರೀಕ್ಷೆಯನ್ನು ಯಾವ ಮುದ್ರೆಯೂ ಅವನ ಪರವಾಗಿ ಮಾಡಿಕೊಡಲಾರದು.