ಮೋಡದಿಂದ ಬೀಳುವ ಗಾಳಿ

ಚೈತ್ರ, ವೈಶಾಖದಲ್ಲಿ ಕಂದಲಗಾಂವದಿಂದ ಅಕ್ಕಲಕೋಟದವರೆಗೆ ಬಿಸಿಲು 42 ಡಿಗ್ರಿ ದಾಟುವುದು ಹೊಸತಲ್ಲ. ಅಂಥ ದಿನ ಇಳಿಹೊತ್ತಿನಲ್ಲಿ ಕಪ್ಪು ಮೋಡ ಎದ್ದರೆ ಅವಕಾಳಿ ಮಳೆಗಿಂತ ಮುಂಚೆ ಗಾಳಿ ನುಗ್ಗುತ್ತದೆ. ಚಾವಣಿಯ ತಗಡಿನ ಪತ್ರಾ ಕಿತ್ತು, ಬಾಳೆ ಮಲಗಿಸಿ, ದ್ರಾಕ್ಷಿ ಚಪ್ಪರ ಕೆಡವಿ ಹೋಗುತ್ತದೆ. ಈ ಗಾಳಿಯ ಕುರಿತ ಕೆಲವು ನಂಬಿಕೆಗಳು ಜೀವಕ್ಕೇ ಎರವಾಗಬಲ್ಲವು.

ನಂಬಿಕೆ: ಮರ ಬುಡಮೇಲಾದರೆ ಅದು ಸುಂಟರಗಾಳಿಯದೇ ಕೆಲಸ.

ಸತ್ಯ: ಹೆಚ್ಚಿನ ಸಲ ಅದು ಮೋಡದಿಂದ ಕೆಳಗೆ ಬಿದ್ದ ಗಾಳಿ. ಕಾದ ನೆಲದಿಂದ ತೇವದ ಗಾಳಿ ಮೇಲೇರಿ ಗುಡುಗು ಮೋಡ ಕಟ್ಟುತ್ತದೆ. ಮೋಡದಡಿಯ ಹವೆ ಒಣಗಿರುವುದರಿಂದ ಮಳೆಹನಿ ದಾರಿಯಲ್ಲೇ ಆವಿಯಾಗುತ್ತದೆ, ಆಲಿಕಲ್ಲು ಕರಗುತ್ತದೆ. ಇದರಿಂದ ತಣ್ಣಗಾಗಿ ಭಾರವಾದ ಗಾಳಿ ರಭಸದಿಂದ ಕುಸಿದು, ಬಂಡೆಯ ಮೇಲೆ ಕೊಡ ನೀರು ಸುರಿದಂತೆ, ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಸುಂಟರಗಾಳಿ ಹಾದಲ್ಲಿ ಮರಗಳು ಅಡ್ಡಾದಿಡ್ಡಿ ಬೀಳುತ್ತವೆ. ಮೋಡದಿಂದ ಬಿದ್ದ ಗಾಳಿಗೆ ಒಂದೇ ದಿಕ್ಕಿಗೋ, ಒಂದು ನಡುವಿನಿಂದ ಹೊರಮುಖವಾಗಿಯೋ ಒರಗಿರುತ್ತವೆ. ಬಿದ್ದ ಮರಗಳ ಈ ಜಾಡು ಹಿಡಿದೇ ವಿಜ್ಞಾನಿ ಟೆಟ್ಸುಯಾ ಫುಜಿತಾ 1970ರ ದಶಕದಲ್ಲಿ ಈ ಗಾಳಿಯನ್ನು ಗುರುತಿಸಿ ‘ಡೌನ್‌ಬರ್ಸ್ಟ್’ ಎಂದರು.

ನಂಬಿಕೆ: ಮಳೆ ಜೋರಿಲ್ಲದಿದ್ದರೆ ಗಾಳಿಯ ಭಯವಿಲ್ಲ.

ಸತ್ಯ: ನಾಲ್ಕು ಹನಿ ಉದುರಿದ ದಿನವೂ ಮನೆ ಹಾರಬಹುದು. ನೆಲ ಮುಟ್ಟದೆ ಆವಿಯಾದ ನೀರೇ ಗಾಳಿಯನ್ನು ತಣಿಸಿ ಕೆಳಗೆ ತಳ್ಳಿರುತ್ತದೆ.

ನಂಬಿಕೆ: ಧೂಳೆದ್ದು ತಂಗಾಳಿ ಬೀಸಿತೆಂದರೆ ಮಳೆ ಬರಲು ಇನ್ನೂ ಹೊತ್ತಿದೆ.

ಸತ್ಯ: ಆ ತಂಪು, ಬಿದ್ದು ಹರಡುತ್ತಿರುವ ಗಾಳಿಯ ಮುಂಚೂಣಿ. ಅದು ಮಳೆಗಿಂತ ಹಲವು ಕಿಲೋಮೀಟರ್ ಮುಂದೆ ಓಡಿ ಬರಬಲ್ಲದು. ಮಳೆ ದೂರವಿದ್ದರೂ ಗಾಳಿ ಬಂದಾಯಿತು; ರಾಶಿ ಮುಚ್ಚಲು ನಿಲ್ಲುವ ಹೊತ್ತಲ್ಲ ಅದು.

ನಂಬಿಕೆ: ಪತ್ರಾದ ಮೇಲೆ ಕಲ್ಲು ಹೇರಿದರೆ ಚಾವಣಿ ಹಾರದು.

ಸತ್ಯ: ಒಂದು ಚದರ ಮೀಟರ್ ಪತ್ರಾದ ತೂಕ ನಾಲ್ಕೈದು ಕಿಲೋ. ತಾಸಿಗೆ 100 ಕಿ.ಮೀ. ಗಾಳಿಯ ಒತ್ತಡ ಅಷ್ಟೇ ಜಾಗಕ್ಕೆ ಸುಮಾರು 45 ಕಿಲೋ. ಮೇಲೆ ಹಾಯುವ ಗಾಳಿ ಚಾವಣಿಯನ್ನು ಎಳೆಯುತ್ತದೆ, ಬಾಗಿಲಿನಿಂದ ಹೊಕ್ಕದ್ದು ಒಳಗಿನಿಂದ ಎತ್ತುತ್ತದೆ. ಆಗ ಕಲ್ಲು ಮಲಗಿದ ಕೂಸಿನ ಮೇಲೆ ಬೀಳಬಹುದು. ಕಲ್ಲು ಇಳಿಸಿ, ಪತ್ರಾವನ್ನು ಜೆ-ಹುಕ್ಕು, ವಾಷರ್ ಹಾಕಿ ಅಡ್ಡಪಟ್ಟಿಗೆ ಬಿಗಿಯಿರಿ, ಅಂಚು, ಮೂಲೆಗಳಲ್ಲಿ ಹುಕ್ಕು ಹತ್ತಿರ ಹತ್ತಿರ ಇರಲಿ.

ಈ ಗಾಳಿ ಬೀಳಿಸುವ ಗುಡುಗು ಮೋಡವೇ ಸಿಡಿಲನ್ನೂ ತರುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲನ್ನು ಮೊದಲೇ ತಿಳಿಸುತ್ತದೆ. ಗುಡುಗು ಕೇಳಿದೊಡನೆ ಹೊಲ ಬಿಟ್ಟು, ಮರದಡಿ ನಿಲ್ಲದೆ, ಸ್ಲ್ಯಾಬಿನ ಮನೆ ಸೇರಿ. ಪತ್ರಾ ಮನೆಯ ನೆರೆಯವರನ್ನೂ ಒಳಗೆ ಕರೆದುಕೊಳ್ಳಿ.