ಗೊಟಗೋಡಿಯ ಬಯಲಲ್ಲಿ ತಡೆದು ನಿಂತ ಆಟ

ರಾಣೆಬೆನ್ನೂರಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿ ಕೂತರೆ ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ಮಂದಿ ಕೂಡಿಕೊಳ್ಳುತ್ತಾರೆ. ಹಾವೇರಿ, ಬಂಕಾಪುರ, ಶಿಗ್ಗಾವಿ ದಾಟಿದ ಮೇಲೆ ಗೊಟಗೋಡಿ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. ಜಾನಪದದ ಓದಿಗೆಂದೇ 2011ರಲ್ಲಿ ಹುಟ್ಟಿದ ಇದಕ್ಕೆ ಅಂಬಳಿಕೆ ಹಿರಿಯಣ್ಣ ಮೊದಲ ಕುಲಪತಿ.

ಆದರೆ ಈ ಊರಿಗೆ ಜಾನಪದ ಬಂದದ್ದು ವಿಶ್ವವಿದ್ಯಾಲಯದ ಜೊತೆಗಲ್ಲ. ಅದಕ್ಕೂ ಮೊದಲೇ ಇಲ್ಲಿ ಉತ್ಸವ ರಾಕ್ ಗಾರ್ಡನ್ ಎಂಬ ಶಿಲ್ಪಗಳ ತೋಟ ಎದ್ದಿತ್ತು. ಅದರ ಹಿಂದಿದ್ದವರು ಇದೇ ಸೀಮೆಯ ಕಲಾವಿದ ಟಿ.ಬಿ. ಸೊಲಬಕ್ಕನವರ. ಕುಂಚ ಹಿಡಿದವರು, ಶಿಲ್ಪ ಮಾಡಿದವರು. ಅಷ್ಟೇ ಆಳವಾಗಿ ದೊಡ್ಡಾಟವೆಂಬ ಬಯಲಾಟದವರು. ಮುಂದೆ ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆದರು.

ದೊಡ್ಡಾಟದ ನಂಟನ್ನು ಬಿಟ್ಟು ಈ ತೋಟವನ್ನು ನೋಡಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ದೊಡ್ಡಾಟವೆಂದರೆ ಎತ್ತರದ ಅಟ್ಟ, ಕಿರೀಟ, ಭುಜಕೀರ್ತಿ, ಬೆಳತನಕ ಕುಣಿತ. ಅಲ್ಲಿ ವೇಷಧಾರಿ ಒಂದು ಹೆಜ್ಜೆ ಹಾಕಿ ಗಕ್ಕನೆ ನಿಂತಾಗ ಇಡೀ ಮೈ ಮಾತಾಡುತ್ತದೆ. ಸೊಲಬಕ್ಕನವರ ಶಿಲ್ಪಗಳಲ್ಲಿ ಆ ನಿಲುವೇ ಇದೆ. ಆಳೆತ್ತರದ, ಬಣ್ಣ ತುಂಬಿದ ಮನುಷ್ಯರು ಒಬ್ಬೊಬ್ಬರಾಗಿ ಪೀಠದ ಮೇಲೆ ನಿಂತಿಲ್ಲ. ಗುಂಪಾಗಿ, ಕೆಲಸದ ನಡುವೆ ಇದ್ದಾರೆ. ಸಂತೆಯಲ್ಲಿ ಚೌಕಾಸಿ ನಡೆದಿದೆ. ಕಮ್ಮಾರನ ಕೈ ಮೇಲೆದ್ದಿದೆ. ದೊಡ್ಡಮನೆಯ ಪಡಸಾಲೆಯಲ್ಲಿ ಅವಿಭಕ್ತ ಕುಟುಂಬವೊಂದು ತನ್ನ ಪಾಡಿಗೆ ದಿನ ಕಳೆಯುತ್ತಿದೆ. ಮುಖಗಳನ್ನು ನೋಡಿ: ಯಾವುದೂ ಅಚ್ಚಿನಿಂದ ತೆಗೆದಂತಿಲ್ಲ, ಎಲ್ಲೋ ಕಂಡವರೇ ಅನ್ನಿಸುತ್ತದೆ. ಬಾಗಿಲಲ್ಲಿ ರಾಜ್‌ಕುಮಾರ್ ಅವರ ಸಿನಿಮಾ ಪಾತ್ರಗಳ ವೃತ್ತವಿದೆ. ಹೆಚ್ಚಿನವರು ಫೋಟೊ ತೆಗೆಸಿಕೊಳ್ಳುವುದು ಅಲ್ಲಿ. ನನ್ನ ಕಾಲು ಮಾತ್ರ ಪಡಸಾಲೆಯಲ್ಲೇ ಕಟ್ಟಿಹಾಕಿದಂತಾಗುತ್ತದೆ.

ಇಂಥ ಕಲೆಯನ್ನು 'ಇದ್ದುದನ್ನು ಇದ್ದ ಹಾಗೆ ಮಾಡಿದ್ದಷ್ಟೇ' ಎಂದು ಕಡೆಗಣಿಸುವವರಿದ್ದಾರೆ. ನಾನು ಒಪ್ಪಲಾರೆ. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮನೆಗಳಲ್ಲಿ ಎತ್ತಿನ ಕೆಲಸ ಮಾಡುತ್ತಿದ್ದ ಮೈಯ ಬಾಗು, ಕೈಯ ಹಿಡಿತ, ಕೂರುವ ರೀತಿಯೂ ಹೋಗುತ್ತವೆ. ಅವನ್ನು ಪುಸ್ತಕದಲ್ಲಿ ಬರೆದಿಡುವುದು ಕಷ್ಟ. ಅವನ್ನು ಬಲ್ಲ ಆಟದವನೇ ಶಿಲ್ಪಿಯಾದಾಗ ಮಾತ್ರ ಅವು ಉಳಿದಾವು. ವಿಶ್ವವಿದ್ಯಾಲಯದಲ್ಲಿ ಜಾನಪದ ಓದುವ ಹುಡುಗರಿಗೆ ಇದು ತರಗತಿಯಷ್ಟೇ ಮುಖ್ಯವಾದ ಪಾಠದ ಬಯಲು.

ಸೊಲಬಕ್ಕನವರ 2020ರ ನವೆಂಬರಿನಲ್ಲಿ ತೀರಿಕೊಂಡರು.

ಕಳೆದ ಸಲ ತೋಟಕ್ಕೆ ಹೋದಾಗ ಜೋಡೆತ್ತು, ರೈತನ ಶಿಲ್ಪದ ಮುಂದೆ ಅಜ್ಜನೊಬ್ಬ ಮೊಮ್ಮಗನ ಕೈ ಹಿಡಿದು ನಿಂತಿದ್ದ. 'ಇದು ನೊಗ, ಇದು ಜತ್ತಿಗಿ, ಇದು ಮೂಗುದಾಣ. ಅಂವನ ಕೈಯಾಗಿಂದು ಬಾರಕೋಲ. ಈಗ ನೀ ಹೇಳು ನೋಡೂಣು.' ಹುಡುಗ ಮೂರು ಹೇಳಿದ. ನಾಲ್ಕನೆಯದಕ್ಕೆ ತಡವರಿಸಿ, ಉತ್ತರಕ್ಕಾಗಿ ಶಿಲ್ಪದ ರೈತನ ಮುಖವನ್ನೇ ನೋಡಿದ.