ರೋಬೋಟಿಕ್ ಸರ್ಜರಿ: ಡಾಕ್ಟರ್ ಮೊದಲ ಹೊಲಿಗೆ ಹಾಕೋದು ಎಲ್ಲಿ?

ರೋಬೋಟಿಕ್ ಸರ್ಜರಿ ಅಂದ ತಕ್ಷಣ ರೋಬೋಟೇ ಆಪರೇಷನ್ ಮಾಡುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹಾಗಿಲ್ಲ. ಅಮೆರಿಕದಲ್ಲಿ 2000ದಲ್ಲಿ ಅನುಮತಿ ಪಡೆದ ಡಾ ವಿಂಚಿ ಯಂತ್ರವನ್ನೇ ತಗೊಳ್ಳಿ. ಸರ್ಜನ್ ರೋಗಿಯಿಂದ ಸ್ವಲ್ಪ ದೂರದ ಕನ್ಸೋಲ್‌ನಲ್ಲಿ ಕೂತು, 3ಡಿ ಚಿತ್ರ ನೋಡ್ತಾ, ಬೆರಳು ಮತ್ತು ಪೆಡಲ್‌ಗಳಿಂದ ಯಂತ್ರದ ತೋಳುಗಳನ್ನು ಆಡಿಸ್ತಾರೆ. ರೋಬೋಟ್ ತಾನಾಗಿ ಒಂದು ಗಂಟೂ ಹಾಕಲ್ಲ.

ಕಲಿಯೋರಿಗೆ ಕಷ್ಟ ಇಲ್ಲೇ ಶುರು. ಮಾಮೂಲಿ ಆಪರೇಷನ್‌ನಲ್ಲಿ ಸೀನಿಯರ್ ಪಕ್ಕದಲ್ಲೇ ನಿಂತು ಕೈ ಹಿಡಿದು ತಿದ್ದಬಹುದು. ಕನ್ಸೋಲ್‌ನಲ್ಲಿ ಕೂರೋದು ಒಬ್ಬರೇ. (ಜೋಡಿ ಕನ್ಸೋಲ್ ವ್ಯವಸ್ಥೆನೂ ಇದೆ, ಆದ್ರೆ ಅದಕ್ಕೆ ಇನ್ನೊಂದು ಕನ್ಸೋಲ್ ಕೊಳ್ಳಬೇಕು!) ಜೊತೆಗೆ, ಹಳೇ ಮಾಡೆಲ್‌ಗಳಲ್ಲಿ ದಾರ ಎಷ್ಟು ಬಿಗಿಯಾಯ್ತು ಅಂತ ಕೈಗೆ ತಿಳಿಯಲ್ಲ. ಆ ಎಳೆತ ಕೈಗೆ ತಿಳಿಸೋ ಉಪಕರಣಗಳು ಬಂದಿದ್ದು 2024ರಲ್ಲಿ ಅನುಮತಿ ಸಿಕ್ಕ ಡಾ ವಿಂಚಿ 5ರ ಜೊತೆ. ಅಂಥವು ಇಲ್ಲದ ಕಡೆ ಕೈಯ ಕೆಲಸವನ್ನೂ ಕಣ್ಣೇ ಮಾಡ್ಬೇಕು. ದಾರ ಸೆಟೆದಿದೆಯಾ, ಅಂಗಾಂಶ ಬಿಳಿಚಿಕೊಳ್ತಿದೆಯಾ ಅಂತ ನೋಡಿಯೇ ಅಂದಾಜು ಮಾಡ್ಬೇಕು.

ಆ ಅಂದಾಜು ಕಲಿಯೋಕೆ ಸಿಮ್ಯುಲೇಟರ್. ಒಂದು ಬಗೆಯದ್ದನ್ನು ಅಸಲಿ ಕನ್ಸೋಲ್‌ಗೇ ಜೋಡಿಸ್ತಾರೆ. ಹಿಡಿಕೆ, ಪೆಡಲ್ ಎಲ್ಲ ನಿಜವಾದ್ದೇ, ಕಾಣೋ ದೃಶ್ಯ ಮಾತ್ರ ಗೇಮ್ ಥರ. ಬಾಗಿದ ತಂತಿಗೆ ತಾಗಿಸದೆ ಉಂಗುರ ಸಾಗಿಸೋದು, ಸ್ಪಂಜಿಗೆ ಹೊಲಿಗೆ ಹಾಕೋದು, ಇಂಥವು. ಎಷ್ಟು ಹೊತ್ತಾಯ್ತು ಅನ್ನೋದರ ಜೊತೆ ಉಪಕರಣಗಳು ಎಷ್ಟು ಸಲ ಡಿಕ್ಕಿ ಹೊಡೆದವು, ಎಲ್ಲಿ ಅತಿಯಾಗಿ ಎಳೆದ್ರು, ಎಷ್ಟು ಸಲ ಕ್ಯಾಮೆರಾ ನೋಟದಿಂದ ಆಚೆ ಹೋದವು ಅಂತಾನೂ ಲೆಕ್ಕ ಇಡುತ್ತೆ. ಕೊನೇದು ಸಣ್ಣ ವಿಷಯ ಅಲ್ಲ. ತೆರೆ ಮೇಲೆ ಕಾಣದ ಕತ್ತರಿ ಕರುಳಿಗೆ ತಾಗಿದ್ರೆ, ಕನ್ಸೋಲ್‌ನಲ್ಲಿ ಕೂತವರಿಗೆ ಗೊತ್ತೇ ಆಗದೆ ಇರಬಹುದು.

ಇದರಿಂದ ನಿಜಕ್ಕೂ ಲಾಭ ಇದೆಯಾ? 2002ರಲ್ಲಿ ಪ್ರಕಟವಾದ, ಯೇಲ್ ವಿಶ್ವವಿದ್ಯಾಲಯದ ಒಂದು ಪ್ರಸಿದ್ಧ ಅಧ್ಯಯನ ಇದೆ. ಅದು ರೋಬೋಟ್ ಅಲ್ಲ, ಲ್ಯಾಪ್ರೋಸ್ಕೋಪಿ. 16 ಟ್ರೇನಿ ಡಾಕ್ಟರ್‌ಗಳು, ಪಿತ್ತಕೋಶದ ಆಪರೇಷನ್. ಸಿಮ್ಯುಲೇಟರ್‌ನಲ್ಲಿ ಕಲಿತವರು 29% ವೇಗವಾಗಿ ಪಿತ್ತಕೋಶ ಬಿಡಿಸಿದ್ರು. ಕಲಿಯದವರು ಪಿತ್ತಕೋಶಕ್ಕೆ ಗಾಯ ಮಾಡೋ ಅಥವಾ ಬೇರೆ ಜಾಗ ಸುಡೋ ಸಾಧ್ಯತೆ ಐದು ಪಟ್ಟು ಜಾಸ್ತಿ ಇತ್ತು.

ನನಗೆ ಮುಖ್ಯ ಅನ್ನಿಸಿದ್ದು ಅಲ್ಲಿನ ಒಂದು ನಿಯಮ. ಇಷ್ಟು ಗಂಟೆ ಕೂತ್ರೆ ಪಾಸ್ ಅಂತ ಇರಲಿಲ್ಲ. ಅನುಭವಿ ಸರ್ಜನ್‌ಗಳು ಅದೇ ಸಿಮ್ಯುಲೇಟರ್‌ನಲ್ಲಿ ತೆಗೆದ ಅಂಕದ ಮಟ್ಟ ಮುಟ್ಟೋವರೆಗೂ ಅಭ್ಯಾಸ. ಒಬ್ಬರಿಗೆ ಬೇಗ ಬರುತ್ತೆ, ಇನ್ನೊಬ್ಬರಿಗೆ ತಡ ಆಗುತ್ತೆ. ಬರೀ ಗಂಟೆ ಎಣಿಸಿ ಕೊಟ್ಟ ಸರ್ಟಿಫಿಕೇಟ್ ಈ ವ್ಯತ್ಯಾಸಾನ ಮುಚ್ಚಿಬಿಡುತ್ತೆ.

ಅಂಕ ಬಂದ ಮಾತ್ರಕ್ಕೆ ಸರ್ಜನ್ ರೆಡಿ ಅಂತಲ್ಲ. ಎಲ್ಲಿ ಕತ್ತರಿಸಬೇಕು, ರೋಬೋಟ್ ಬದಿಗಿಟ್ಟು ಯಾವಾಗ ಹೊಟ್ಟೆ ತೆರೆಯಬೇಕು ಅನ್ನೋದನ್ನ ಉಂಗುರದ ಆಟ ಕಲಿಸಲ್ಲ. ಅದಕ್ಕೆ ಆಪರೇಷನ್ ಥಿಯೇಟರ್, ಜೊತೆಗೊಬ್ಬ ಸೀನಿಯರ್ ಬೇಕೇ ಬೇಕು. ಆದ್ರೆ ಪೆಡಲ್ ಹುಡುಕೋ ಗಡಿಬಿಡಿ ರೋಗಿ ಮಲಗೋ ಮುಂಚೆಯೇ ಮುಗಿದಿರುತ್ತೆ.